ನೂರಕ್ಕೆ ನಲವತ್ತು

ಮೂವತ್ತೆಂಟನೇ ವಯಸ್ಸಿನಲ್ಲಿ ಕಾಲೇಜು ಸೇರಿದವರಿಗೆ ಒಂದು ಚಟ ಹತ್ತುತ್ತದೆ. ಕಲಿತದ್ದನ್ನು ಪರೀಕ್ಷೆಯವರೆಗೆ ಇಟ್ಟುಕೊಳ್ಳಲು ಆಗುವುದಿಲ್ಲ, ಅವತ್ತೇ ಮನೆಯಲ್ಲಿ ಯಾರ ಮೇಲಾದರೂ ಹೇರಬೇಕು. ನಾನು ವಾರವೆಲ್ಲ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು, ಶನಿವಾರ ಮಧ್ಯಾಹ್ನ ಮನೋವಿಜ್ಞಾನದ ಮೊದಲ ವರ್ಷದ ತರಗತಿಗೆ ಹೋಗುತ್ತಿದ್ದೆ. ನೆನಪು, ಕಲಿಕೆ, ಬುದ್ಧಿಶಕ್ತಿ ಎಲ್ಲ ಆಕಳಿಕೆಯಲ್ಲೇ ಮುಗಿದವು. ಒಂಬತ್ತನೇ ಅಧ್ಯಾಯ, ಅಸಹಜ ಮನೋವಿಜ್ಞಾನ, ಶುರುವಾದ ದಿನ ಮಾತ್ರ ಮೊದಲ ಬೆಂಚಿಗೆ ಹೋಗಿ ಕೂತೆ.

"ಪ್ರತಿ ವರ್ಷ ಇದೇ ಕತೆ," ಎಂದರು ಪಾಠ ಮಾಡುವ ಮೇಡಂ. "ಮೊದಲನೇ ವಾರ ಪುಸ್ತಕದಲ್ಲಿರೋ ಕಾಯಿಲೆ ಎಲ್ಲಾ ನಿಮಗೇ ಇದೆ ಅನ್ಸುತ್ತೆ. ಎರಡನೇ ವಾರ ಮನೆಯವರಿಗೆಲ್ಲ ಇದೆ ಅನ್ಸುತ್ತೆ. ಅನ್ಸಿದ್ರೆ ಅನ್ಸಲಿ, ಪ್ರಯೋಗ ಮಾತ್ರ ಬೇಡ."

ತರಗತಿಯಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಆದರೆ ನಗುವಾಗಲೇ ನನ್ನ ತಲೆಯಲ್ಲಿ ತಮ್ಮ ಇದ್ದ.

ತಮ್ಮ ಲಿಫ್ಟ್ ಮೆಕ್ಯಾನಿಕ್. ನನಗಿಂತ ಎಂಟು ವರ್ಷ ಚಿಕ್ಕವನು. ಅಮ್ಮ ತೀರಿಕೊಂಡಾಗ ಅವನಿಗೆ ಆರು. ಅವನ ತಲೆ ಬಾಚಿದ್ದು, ಕಿವಿ ಹಿಂಡಿದ್ದು, ಯಾವ ಕೆಲಸ ಕಲಿಯಬೇಕೆಂದು ತೀರ್ಮಾನಿಸಿದ್ದು ಎಲ್ಲ ನಾನೇ. ಈಗಲೂ ಎರಡು ಕೋಣೆಯ ಮನೆಯಲ್ಲಿ ನಾವಿಬ್ಬರೇ. ನಾನು ಕೂರು ಅಂದರೆ ಅವನು ಕೂರುತ್ತಾನೆ, ಅದೇ ನನ್ನ ತಲೆ ತಿರುಗಿಸಿದ್ದು.

ಅವನಿಗೊಂದು ಕಾಟ ಇತ್ತು. ಕೆಲಸ ಮುಗಿಸಿ ಬಂದವನು ಚಪ್ಪಲಿ ಬಿಡುವ ಮೊದಲೇ ವಾಪಸ್ ಹೊರಡುತ್ತಿದ್ದ. "ಒಂದ್ಸಲ ನೋಡ್ಕೊಂಡು ಬಂದ್ಬಿಡ್ತೀನಿ ಅಕ್ಕ." ನೋಡಬೇಕಾದದ್ದು ಒಂದು ತುಂಡು ಕೆಂಪು ತಂತಿ. ಬಾಗಿಲು ಪೂರ್ತಿ ಮುಚ್ಚದೆ ಲಿಫ್ಟ್ ಕದಲಬಾರದು, ಅದಕ್ಕೆ ಸರ್ಕ್ಯೂಟಿನಲ್ಲೊಂದು ಕಾವಲು ಇರುತ್ತದೆ. ರಿಪೇರಿ ಮಾಡುವಾಗ ಮಾತ್ರ ಆ ತಂತಿ ಸಿಕ್ಕಿಸಿ ಕಾವಲನ್ನು ತಪ್ಪಿಸುತ್ತಾರೆ. ಕೆಲಸ ಮುಗಿದ ಮೇಲೆ ತಂತಿ ತೆಗೆಯಲು ಮರೆತರೆ, ಯಾವುದೋ ಮಹಡಿಯಲ್ಲಿ ಬಾಗಿಲು ತೆರೆದೇ ಇರುತ್ತದೆ, ಲಿಫ್ಟ್ ಮಾತ್ರ ಇರುವುದಿಲ್ಲ. ತಮ್ಮನ ಚೀಲದಲ್ಲಿ ಅಂಥ ತಂತಿಗಳು ನಾಲ್ಕು. ಮನೆಗೆ ಬಂದು ಎಣಿಸುವನು, ಎಣಿಸಿದ್ದು ನಂಬಿಕೆಯಾಗದೆ ಮತ್ತೆ ಹೊರಡುವನು. ಕಳೆದ ತಿಂಗಳು ಹನ್ನೊಂದು ಸಲ ಹೋದ, ಹನ್ನೊಂದು ಸಲವೂ ಎಲ್ಲ ಸರಿಯಾಗೇ ಇತ್ತು. ಜೊತೆಗಾರರು ಅವನಿಗೆ ರಿಟರ್ನ್ ಟಿಕೆಟ್ ಎಂದು ಹೆಸರಿಟ್ಟಿದ್ದರು. ಕಟ್ಟಡದವರು ದೂರು ಕೊಟ್ಟ ಮೇಲೆ ಸೂಪರ್‌ವೈಸರ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: ಕರೆಯದೆ ಇನ್ನೊಂದು ಸಲ ವಾಪಸ್ ಹೋದರೆ ಕೆಲಸ ಇಲ್ಲ.

ಪುಸ್ತಕದಲ್ಲಿ ಅವನ ಕಾಟಕ್ಕೊಂದು ಹೆಸರಿತ್ತು, ಮದ್ದೂ ಇತ್ತು. ಅನುಮಾನ ಬಂದಾಗ ಪರೀಕ್ಷಿಸಲು ಬಿಡಬಾರದು. ಆತಂಕ ಏರುತ್ತದೆ, ತುದಿ ಮುಟ್ಟುತ್ತದೆ, ತಾನಾಗಿಯೇ ಇಳಿಯುತ್ತದೆ. ಪಕ್ಕದಲ್ಲಿ ಗುಡ್ಡದ ಹಾಗೆ ಒಂದು ಗೆರೆ ಎಳೆದಿದ್ದರು. ತರಬೇತಿ ಪಡೆದವರು ಮಾತ್ರ ಇದನ್ನು ಮಾಡಬೇಕು ಎಂದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಔಷಧಿ ಅಂಗಡಿಯಲ್ಲಿ ದಿನವಿಡೀ ಸಣ್ಣ ಅಕ್ಷರ ಓದುವ ನಾನು ಅದನ್ನು ಹಾರಿಸಿಬಿಟ್ಟೆ.

ಮರುದಿನ ಭಾನುವಾರ. ತಮ್ಮ ಬೆಳಿಗ್ಗೆ ಐದು ಮಹಡಿಯ ಹಳೇ ಕಟ್ಟಡವೊಂದಕ್ಕೆ ಹೋಗಿದ್ದ. ಕೈಯಲ್ಲಿ ಎಳೆದು ಮುಚ್ಚುವ ಬಾಗಿಲಿನ ಲಿಫ್ಟ್ ಅದು. ಎರಡು ಗಂಟೆಗೆ ಮನೆಗೆ ಬಂದವನು ಹೊಸ್ತಿಲಲ್ಲೇ ನಿಂತ. ಮುಖ ಬಿಳಿಚಿಕೊಂಡಿತ್ತು.

"ಅಕ್ಕ, ತಂತಿ ತೆಗೆದ ನೆನಪೇ ಆಗ್ತಿಲ್ಲ. ಚೀಲ ನೋಡ್ತೀನಿ ತಾಳು."

ನಾನು ಚೀಲ ಕಿತ್ತುಕೊಂಡೆ. "ಮುಟ್ಟಬೇಡ. ಎಣಿಸೋದೂ ಕಾಯಿಲೆಯೇ."

"ಒಂದೇ ಸಲ."

"ಹನ್ನೊಂದು ಸಲ ಒಂದೇ ಸಲ ಅಂದಿದೀಯ. ಕೆಲಸ ಬೇಕೋ ಬೇಡ್ವೋ? ಬಂದು ಕೂತ್ಕೋ."

ಚೀಲವನ್ನು ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಅವನು ಕುರ್ಚಿಯಲ್ಲಿ ಕೂತ. ಎದುರಿಗೆ ನಾನು ನೋಟ್‌ಬುಕ್ ಹಿಡಿದು ಕೂತೆ. ಹತ್ತು ನಿಮಿಷಕ್ಕೊಮ್ಮೆ ಭಯ ನೂರಕ್ಕೆ ಎಷ್ಟಿದೆ ಹೇಳಬೇಕು, ಅಷ್ಟೇ ನಿನ್ನ ಕೆಲಸ ಎಂದೆ. ಮೊದಲು ತೊಂಬತ್ತು ಅಂದ. ಆಮೇಲೆ ತೊಂಬತ್ತೈದು. ಅಂಗಿ ಬೆನ್ನಿಗೆ ಅಂಟಿಕೊಂಡಿತು, ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡ. ಒಮ್ಮೆ ಎದ್ದು ಬಾಗಿಲವರೆಗೆ ಹೋದ.

"ಅಕ್ಕ, ಅಲ್ಲಿ ವಯಸ್ಸಾದವರಿದಾರೆ."

"ಇರಲಿ. ಕೂರು."

ಕೂತ. ಆ ಕ್ಷಣ ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಮೂರು ಗಂಟೆಗೆ ಎಂಬತ್ತು ಅಂದ. ಆಮೇಲೆ ಅರವತ್ತೈದು. ಮೂರೂವರೆಗೆ ನಲವತ್ತು. ಪುಸ್ತಕದಲ್ಲಿದ್ದ ಗುಡ್ಡವೇ ನನ್ನ ನೋಟ್‌ಬುಕ್ಕಿಗೆ ಬಂದು ಕೂತಿತ್ತು. ತಮ್ಮ ಆಕಳಿಸಿದ. "ನಿಜ ಅಕ್ಕ, ಇಳೀತು. ಇಷ್ಟು ವರ್ಷ ಯಾರೂ ಹೇಳ್ಲಿಲ್ವಲ್ಲ," ಎಂದು ಮಂಚದ ಮೇಲೆ ಉರುಳಿಕೊಂಡವನು ಎರಡು ನಿಮಿಷಕ್ಕೆ ಗೊರಕೆ ಹೊಡೆದ. ಅವನು ಹಾಗೆ ಹಗಲಲ್ಲಿ ಮಲಗಿದ್ದನ್ನು ನೋಡಿ ಎಷ್ಟೋ ವರ್ಷವಾಗಿತ್ತು. ನನ್ನ ಸಂತೋಷಕ್ಕೆ ಪಾರವಿಲ್ಲ. ಮೇಡಂ ಮುಂದೆ ಏನು ಹೇಳಬೇಕು, ಹೇಗೆ ಹೇಳಬೇಕು ಎಂದು ಮಾತು ಜೋಡಿಸುತ್ತಲೇ ಬೀರು ತೆಗೆದೆ. ಅವನು ಎದ್ದ ಮೇಲೆ ಚೀಲ ಕೈಗಿಟ್ಟು, "ನೋಡು, ನಾಲ್ಕೂ ಇದೆ," ಎಂದು ಹಂಗಿಸಬೇಕೆಂದಿದ್ದೆ. ಅದಕ್ಕೇ ಎಣಿಸಿದೆ.

ತಂತಿ ಮೂರೇ ಇದ್ದವು.

ಮತ್ತೆ ಎಣಿಸಿದೆ. ಸ್ಪ್ಯಾನರ್, ಟಾರ್ಚು, ಗ್ರೀಸ್ ಡಬ್ಬಿ, ಎಲ್ಲ ನೆಲಕ್ಕೆ ಸುರಿದೆ. ಚೀಲದ ಹೊಲಿಗೆಯೊಳಗೆ ಬೆರಳು ಹಾಕಿ ನೋಡಿದೆ. ಮೂರೇ. ಎಬ್ಬಿಸಿದರೆ ಇಳಿದ ಭಯ ಇಮ್ಮಡಿಯಾಗಿ ಏರುತ್ತದೆ, ಇನ್ನು ಯಾರ ಮಾತನ್ನೂ ನಂಬುವುದಿಲ್ಲ, ವಾಪಸ್ ಹೋದರೆ ಕೆಲಸವೂ ಹೋಗುತ್ತದೆ ಎಂದು ಮನಸ್ಸು ಲೆಕ್ಕ ಹಾಕಿತು. ನಾಚಿಕೆಗೇಡಿನ ಮಾತು, ಆದರೆ ಒಂದು ನಿಮಿಷ ಪೂರ್ತಿ ಹಾಗೇ ನಿಂತಿದ್ದೆ. ಆಮೇಲೆ ಅವನ ಭುಜ ಅಲ್ಲಾಡಿಸಿದೆ.

"ಮರಿ, ಏಳು. ಮೂರೇ ಇದೆ."

ಅವನು ಎದ್ದವನೇ ಕಟ್ಟಡದ ಕಾವಲುಗಾರನಿಗೆ ಫೋನ್ ಮಾಡಿದ. ಎರಡು ಸಲ ಮಾಡಿದರೂ ಎತ್ತಲಿಲ್ಲ. ಸ್ಕೂಟರಿನ ಹಿಂದೆ ಕೂತು ನಾನು ಅವನ ಅಂಗಿ ಹಿಡಿದುಕೊಂಡೆ. ಒಂಬತ್ತು ನಿಮಿಷದ ದಾರಿಯಲ್ಲಿ ಎರಡು ಸಿಗ್ನಲ್. ಎರಡೂ ಕಡೆ ಕೆಂಪು ದೀಪ. ಅವನು ನಿಲ್ಲಿಸಲಿಲ್ಲ, ನಾನು ಬೈಯಲಿಲ್ಲ.

ಕಾವಲುಗಾರ ಬಾಗಿಲಲ್ಲೇ ನಗುತ್ತ ಎದ್ದ. "ಬನ್ನಿ ಸಾರ್. ಇವತ್ತು ಲಿಫ್ಟ್ ತುಂಬಾ ಚೆನ್ನಾಗ್ ಮಾಡಿದೀರ. ಮುಂಚೆ ಮೇಲೆ ಯಾರಾದ್ರೂ ಬಾಗಿಲು ಹಾಕದೆ ಬಿಟ್ರೆ ನಾನೇ ಹತ್ತಿ ಹೋಗಿ ಹಾಕ್ಬೇಕಿತ್ತು. ಈಗ ಬಾಗಿಲು ತೆಗ್ದಿದ್ರೂ ಕರೆದ ಕೂಡ್ಲೇ ಬರುತ್ತೆ."

ಲಿಫ್ಟ್ ಕೆಳಗೇ ನಿಂತಿತ್ತು. "ಇದರ ಹತ್ರ ಯಾರನ್ನೂ ಬಿಡ್ಬೇಡಿ," ಎಂದು ಅವನಿಗೆ ಹೇಳಿ ತಮ್ಮ ನನ್ನತ್ತ ತಿರುಗಿದ. "ಮೇನ್ ಸ್ವಿಚ್ಚು, ತಂತಿ ಎರಡೂ ಮಾಳಿಗೆ ಮೇಲಿನ ಕೋಣೇಲಿದೆ. ನಾನು ಓಡ್ತೀನಿ. ನೀನು ಒಂದೊಂದು ಮಹಡಿ ನೋಡ್ಕೊಂಡು ಬಾ. ತೆಗೆದಿರೋ ಬಾಗಿಲು ಮುಚ್ಚು."

ಅವನು ಮೂರು ಮೂರು ಮೆಟ್ಟಿಲು ಹಾರಿ ಹೋದ. ಮೊದಲ ಮಹಡಿಯ ಬಾಗಿಲು ಮುಚ್ಚಿತ್ತು. ಎರಡನೆಯದೂ ಮುಚ್ಚಿತ್ತು. ಮೂರನೆಯ ಮಹಡಿಗೆ ಹತ್ತುವಾಗ ಏದುಸಿರು ಬಿಡುತ್ತಿದ್ದೆ. ಅಲ್ಲಿ ದಪ್ಪ ಕನ್ನಡಕದ ಅಜ್ಜ ಒಬ್ಬರು ಕಸದ ಬುಟ್ಟಿ ಎದೆಗೆ ಅವುಚಿಕೊಂಡು ಪುಟ್ಟ ಪುಟ್ಟ ಹೆಜ್ಜೆ ಹಾಕುತ್ತಿದ್ದರು. ಅವರ ಮುಂದೆ ಲಿಫ್ಟಿನ ಬಾಗಿಲು ಅಗಲವಾಗಿ ತೆರೆದಿತ್ತು. ಒಳಗೆ ಕತ್ತಲೆ, ಕತ್ತಲೆಯಲ್ಲಿ ಗ್ರೀಸ್ ಮೆತ್ತಿದ ಹಗ್ಗಗಳು.

ಓಡಿ ಹೋಗಿ ಅವರ ಅಂಗಿಯ ಕಾಲರ್ ಹಿಡಿದು ಹಿಂದಕ್ಕೆಳೆದೆ. ಅವರ ಚಪ್ಪಲಿಯ ತುದಿ ಹೊಸ್ತಿಲಿನ ಆಚೆ ಇತ್ತು.

"ಯಾರಮ್ಮ ನೀನು? ಬಿಡು. ಲಿಫ್ಟ್ ಬಂದಿದೆ, ಕಾಣಲ್ವಾ?"

"ಬಂದಿಲ್ಲ ಅಜ್ಜ. ಬಾಗಿಲು ಮಾತ್ರ ತೆಗೆದಿದೆ."

ಬುಟ್ಟಿಯ ಮುಚ್ಚಳ ಜಾರಿ ಒಳಗೆ ಬಿತ್ತು. ಸದ್ದು ಕೆಳಗಿನಿಂದ ತಡವಾಗಿ ಬಂತು. ಅಜ್ಜ ನನ್ನ ಮುಖ ನೋಡಿದರು, ಆಮೇಲೆ ಗೋಡೆಗೆ ಕೈ ಊರಿ ನಿಧಾನವಾಗಿ ನೆಲಕ್ಕೆ ಕೂತರು. ನಾನು ಬಾಗಿಲು ಎಳೆದು ಅದಕ್ಕೆ ಬೆನ್ನು ಕೊಟ್ಟು ನಿಂತೆ. ಮೇಲಿನಿಂದ ಸ್ವಿಚ್ ಆರಿಸಿದ ಸದ್ದು ಬಂದ ಮೇಲೂ ಅಲ್ಲಿಂದ ಕದಲಲಿಲ್ಲ.

ತಮ್ಮ ತಂತಿ ಹಿಡಿದು ಇಳಿದು ಬಂದ. ಕೆಳಗೆ ಕೂತು ಕಟ್ಟಡದ ರಿಜಿಸ್ಟರಿನಲ್ಲಿ ಆದದ್ದನ್ನು ಆದ ಹಾಗೇ ಬರೆದ. ತಡಮಾಡಿದ್ದು ನಾನು ಅಂತಲೂ ಬರಿ ಎಂದೆ. "ಅದಕ್ಕೆ ಇಲ್ಲಿ ಕಾಲಂ ಇಲ್ಲ," ಅಂದ. ಸೂಪರ್‌ವೈಸರಿಗೂ ತಾನೇ ಫೋನ್ ಮಾಡಿದ. ನಾಳೆ ಆಫೀಸಿಗೆ ಬಾ ಎಂದಷ್ಟೇ ಹೇಳಿ ಅವರು ಇಟ್ಟುಬಿಟ್ಟರು.

ಹೊರಗೆ ಸ್ಕೂಟರಿನ ಹತ್ತಿರ ಬಂದಾಗ ನಾನು ಅಳುತ್ತಿದ್ದೆ. ಬೈಯೋ, ಏನಾದರೂ ಅನ್ನು ಎಂದೆ.

"ಬೈಯೋಕೆ ಏನೂ ಇಲ್ಲ ಅಕ್ಕ. ನೀನು ಹೇಳಿದ ಹಾಗೇ ಭಯ ಇಳೀತು. ಅಜ್ಜ ಬಾಗಿಲ ಕಡೆ ನಡೀತಿದ್ರು, ನಾನು ನಿದ್ದೆ ಮಾಡ್ತಿದ್ದೆ. ಇನ್ನು ಯಾವ ಭಯಾನ ನಂಬಲಿ, ಯಾವುದನ್ನ ಬಿಡಲಿ?"

"ನಿಜವಾದ ಡಾಕ್ಟರ ಹತ್ರ ಹೋಗೋಣ. ನಾಳೇನೇ, ನೀನು ಆಫೀಸಿಂದ ಬಂದ ಮೇಲೆ," ಎಂದೆ.

"ಅವರೂ ಕುರ್ಚೀಲಿ ಕೂರ್ಸಿ ನೂರಕ್ಕೆ ಎಷ್ಟು ಅಂತ ಕೇಳಿದ್ರೆ?"

ಅವನ ಜ್ವರಕ್ಕೆ, ಶಾಲೆಗೆ, ಕೆಲಸಕ್ಕೆ, ಎಲ್ಲಕ್ಕೂ ಇಪ್ಪತ್ತನಾಲ್ಕು ವರ್ಷ ನಾನೇ ಉತ್ತರ ಹೇಳುತ್ತ ಬಂದವಳು. ಬಾಯಿ ತೆರೆದೆ.

"ಗೊತ್ತಿಲ್ಲ ಕಣೋ," ಎಂದೆ. "ನನಗೆ ಗೊತ್ತಿಲ್ಲ."

ಅವನು ಸ್ಕೂಟರಿಗೆ ಕೀಲಿ ಹಾಕಿದ.

"ಗೊತ್ತು ಅಂದಿದ್ರೆ ಬರ್ತಿರಲಿಲ್ಲ," ಅಂದ. "ಎಷ್ಟು ಗಂಟೆಗೆ ಹೊರಡೋಣ?"