ಬುಖಾರಾಕ್ಕೆ ಹೋಗಿಬಂದ ಕೋಟು

ಸಾವಿಗೆ ಬಂದವರೆಲ್ಲ ಹೋದ ಮೇಲಿನ ಮೊದಲ ಬೆಳಿಗ್ಗೆ, ಪಾಲು ಮಾಡಿದ ವಿಲ್ಲಾದ ಪಕ್ಕದ ಪಾರ್ಟಿಷನ್ನಿನ ಈಜಿಪ್ಟಿನವನು ಎಂದಿನಂತೆ ಹಾರ್ನ್ ಹೊಡೆದ. ನನ್ನ ಗಂಡ ಅನ್ಸಾರರ ಕಾರು ಅವನ ಕಾರಿಗೆ ಅಡ್ಡ ನಿಂತಿತ್ತು. ಅವನು ಹಾರ್ನ್ ಹೊಡೆದರೆ ಅನ್ಸಾರ್ ಬಾಯಲ್ಲಿ ಬ್ರಶ್ ಇಟ್ಟುಕೊಂಡೇ ಕೆಳಗೆ ಓಡುತ್ತಿದ್ದರು. ಅವನು ರಜೆ ಮುಗಿಸಿ ಹಿಂದಿನ ರಾತ್ರಿಯಷ್ಟೇ ಬಂದವನು. ಅನ್ಸಾರ್ ಇನ್ನಿಲ್ಲವೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಅಬಾಯಾ ಹಾಕಿಕೊಂಡು ಇಳಿದೆ. ಕಾರನ್ನು ಗೋಡೆಯ ಬದಿಗೆ ನಿಲ್ಲಿಸಿದೆ. ಅವನು ಕೈ ಎತ್ತಿ ಶುಕ್ರನ್ ಅಂದು ಹೋದ.

ಮೆಟ್ಟಿಲ ಬುಡದಲ್ಲಿ ಜುಮಾನಾ ನಿಂತಿದ್ದಳು. ಅನ್ಸಾರರ ಅಣ್ಣ ನಿಝಾಮರ ಹೆಂಡತಿ. ಕತಾರಿನ ಮುಐದರಿನ ಈ ವಿಲ್ಲಾದಲ್ಲಿ ಕೆಳಗಿನ ಭಾಗ ಅವರದು, ಮೇಲಿನ ಎರಡು ಕೋಣೆ ನಮ್ಮದು.

"ಇದ್ದತ್ತಲ್ಲಿ ಹೀಗೆ ಹೊರಗೆ ಬರ್ಲಿಕ್ಕುಂಟಾ ಫರ್ಝಾನಾ? ಇವರನ್ನು ಕರೆದಿದ್ರೆ ಆಗ್ತಿರ್ಲಿಲ್ವಾ?"

"ಕಾರು ಅಡ್ಡ ಇತ್ತು," ಅಂದೆ.

ಇದ್ದತ್ತೆಂದರೆ ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇರಬೇಕು. ಆಮೇಲೆ ನನ್ನನ್ನು ಊರಿಗೆ ಕಳಿಸುವುದೆಂದು ಮನೆಯವರು ಮಾತಾಡಿಕೊಂಡಿದ್ದರು. ನಾನು ಬೇಡ ಅನ್ನಲಿಲ್ಲ, ಆಯಿತು ಅಂತಲೂ ಅನ್ನಲಿಲ್ಲ.

ಮಧ್ಯಾಹ್ನ ಜುಮಾನಾ ಅನ್ಸಾರರ ಬಟ್ಟೆಗಳನ್ನು ದಾನಕ್ಕೆಂದು ವಿಂಗಡಿಸಲು ಬಂದಳು. ಕಪಾಟಿನ ಕೊನೆಯಲ್ಲಿ ಕಪ್ಪು ಉಣ್ಣೆಯ ಉದ್ದ ಕೋಟು ತೂಗುತ್ತಿತ್ತು. ಅವಳು ಅದನ್ನು ಮಡಚಿ ರಾಶಿಯ ಮೇಲಿಟ್ಟಳು. ನಾನು ತೆಗೆದು ಮತ್ತೆ ತೂಗುಹಾಕಿದೆ.

ಅದು ಉಮ್ಮ್ ಸಲಾಲಿನ ಟೈಲರ್ ಪೊಡಿಯಬ್ಬಾಕರದು. ಕತಾರಿನಲ್ಲಿ ನಮ್ಮವರು ಯಾರೂ ಚಳಿಯ ಕೋಟು ಕೊಳ್ಳುವುದಿಲ್ಲ, ಕೊಂಡು ಹಾಕುವುದೆಲ್ಲಿ? ಬಾಕುವಿಗೆ, ಜಾರ್ಜಿಯಾಕ್ಕೆ ಅಂತ ರಜೆಯಲ್ಲಿ ಹೊರಟವರೆಲ್ಲ ಪೊಡಿಯಬ್ಬಾಕರ ಕೋಟು ಕೇಳಿಕೊಂಡು ಹೋಗುತ್ತಾರೆ. ಅವರು ಬಾಡಿಗೆ ತೆಗೆದುಕೊಳ್ಳುವುದಿಲ್ಲ. ಒಂದೇ ಕರಾರು. ವಾಪಸು ಕೊಡಲು ಬಂದವರು ಅಂಗಡಿಯಲ್ಲಿ ಕೂತು, ಹಾಲಿಲ್ಲದ ಸುಲೈಮಾನಿ ಚಹಾ ಕುಡಿದು, ಕೋಟು ಎಲ್ಲೆಲ್ಲಿಗೆ ಹೋಯಿತೆಂದು ಹೇಳಬೇಕು. ಅವರು ಅದನ್ನು ಕೊಂಡದ್ದು ಹೆಂಡತಿ ಆಮಿನಮ್ಮನ ಜೊತೆ ಉಜ್ಬೇಕಿಸ್ತಾನದ ಬುಖಾರಾ ನೋಡಬೇಕೆಂದು. ಅಂಗಡಿ, ಮಕ್ಕಳ ಓದು, ಆಮೇಲೆ ಆಮಿನಮ್ಮನ ಮಂಡಿನೋವು. ಕೋಟು ಎಲ್ಲರ ಮೈಮೇಲೆ ಎಲ್ಲ ಕಡೆ ಹೋಯಿತು. ಬುಖಾರಾಕ್ಕೆ ಮಾತ್ರ ಹೋಗಿರಲಿಲ್ಲ, ನಾವು ಹೋಗುವ ತನಕ.

ನಾವು ಅಲ್ಲಿಂದ ವಾಪಸು ಬಂದ ವಾರದಲ್ಲೇ ಅನ್ಸಾರ್ ಆಫೀಸಿನ ಮೆಟ್ಟಿಲ ಮೇಲೆ ಕುಸಿದರು. ಹೃದಯ ಅಂದರು ಡಾಕ್ಟರು.

ಸಂಜೆ ನಿಝಾಮ್ ಬಂದಾಗ ಕೋಟಿನ ಮಾತೆತ್ತಿದೆ.

"ಅದು ಖಲಾಸ್ ಆಯ್ತಲ್ಲ," ಅಂದರು. "ಅಬು ಹಮೂರಿನ ಖಬರಸ್ತಾನದಲ್ಲಿ ಮಯ್ಯತ್ ನಮಾಝಿಗೆ ಮೊದಲು ನಾನು ಎದ್ದು ನಿಂತು ಹೇಳಿದೆ, ಅನ್ಸಾರ್ ಯಾರಿಗಾದರೂ ಏನಾದರೂ ಕೊಡ್ಲಿಕ್ಕಿದ್ರೆ ನನ್ನನ್ನು ಕೇಳಿ, ಇಲ್ಲದಿದ್ರೆ ಬಿಟ್ಟುಕೊಡಿ ಅಂತ. ಪೊಡಿಯಬ್ಬಾಕ ಅಲ್ಲೇ ಕೈ ಎತ್ತಿ, ಒಂದು ಕೋಟುಂಟು, ಬಿಟ್ಟುಕೊಟ್ಟೆ ಅಂದ್ರು. ಎಷ್ಟು ಜನ ಕೇಳಿಸ್ಕೊಂಡಿದ್ದಾರೆ."

"ಅವರು ಬಿಟ್ಟದ್ದು ಕೋಟನ್ನು. ಹೇಳುವುದು ಬಾಕಿ ಉಂಟು."

"ಎಂತ ಹೇಳುವುದು?"

"ಬುಖಾರಾದ್ದು."

ನಿಝಾಮ್ ಹೆಂಡತಿಯ ಮುಖ ನೋಡಿದರು. "ಅವರು ಈ ಶುಕ್ರವಾರ ಅಂಗಡಿ ಮುಚ್ಚಿ ಊರಿಗೆ ಹೋಗುವುದು. ಇನ್ನು ಬರ್ಲಿಕ್ಕಿಲ್ಲ. ಅಷ್ಟಿದ್ರೆ ನಾನೇ ಕೊಟ್ಟು ಬರ್ತೇನೆ."

"ಎಂತ ನೋಡಿದ್ದು ಅಂತ ಕೇಳಿದ್ರೆ ಎಂತ ಹೇಳ್ತೀರಿ ಭಾವ?"

"ಫೋಟೋ ಉಂಟಲ್ಲ. ವಾಟ್ಸಾಪ್ ಮಾಡು."

"ಫೋಟೋದಲ್ಲಿ ನಾವೇ ಇರುವುದು. ಊರು ಹಿಂದೆ ಎಲ್ಲೋ ಚೂರು."

ಜುಮಾನಾಗೆ ನಗು ಬಂತು, ತಡೆದುಕೊಂಡಳು. "ಊರಿಂದ ಅತ್ತೆ ಫೋನ್ ಮಾಡಿದ್ರೆ ನಾನೆಂತ ಹೇಳ್ಲಿ? ಸೊಸೆ ಇದ್ದತ್ತಲ್ಲಿ ಟೈಲರ್ ಅಂಗಡಿಗೆ ಹೋಗಿದ್ದಾಳೆ ಅಂತಲಾ?"

"ಹಾಗೇ ಹೇಳು. ಸುಳ್ಳಲ್ವಲ್ಲ."

ಅಳುವಿಲ್ಲದ ನನ್ನ ಮುಖ ಅವರಿಬ್ಬರಿಗೂ ಹೆದರಿಕೆ ಹುಟ್ಟಿಸುತ್ತಿತ್ತು ಎಂದು ನನಗೆ ಗೊತ್ತಿತ್ತು. ಅನ್ಸಾರ್ ಹೋದ ಮೇಲೆ ನಾನು ಒಮ್ಮೆಗೆ ಒಂದೆರಡು ವಾಕ್ಯಕ್ಕಿಂತ ಹೆಚ್ಚು ಆಡಿರಲಿಲ್ಲ. ಅಷ್ಟು ಉದ್ದದ ಕಥೆಯನ್ನು ಹೇಗೆ ಹೇಳಿ ಮುಗಿಸುತ್ತೇನೋ ತಿಳಿದಿರಲಿಲ್ಲ. ಆದರೆ ಅನ್ಸಾರ್ ಕೊಟ್ಟ ಮಾತು ಅದು. ಯಾರೋ ಕನಿಕರದಿಂದ ಹೊಡೆದುಹಾಕಿದ ಸಾಲವಾಗಿ ಅದು ಮಣ್ಣಿಗೆ ಹೋಗುವುದು ನನಗೆ ಬೇಡವಾಗಿತ್ತು. ಅದನ್ನು ತೀರಿಸಬಲ್ಲವಳು ನಾನೊಬ್ಬಳೇ.

"ಮಸೀದಿಯ ಉಸ್ತಾದರನ್ನು ಕೇಳಿ," ಅಂದೆ.

ನಿಝಾಮ್ ಫೋನ್ ಮಾಡಿ, ಸ್ಪೀಕರ್ ಹಾಕಿ ಕೇಳಿದರು. ಅಗತ್ಯವಿದ್ದರೆ ಹಗಲು ಹೋಗಬಹುದು, ಕತ್ತಲೆಗೆ ಮುಂಚೆ ಮನೆ ಸೇರಬೇಕು ಅಂದರು ಉಸ್ತಾದ್.

"ಒಂದು ಕೋಟು ಅಗತ್ಯವಾ ಉಸ್ತಾದ್?"

"ಅದು ನನಗೆ ಹೇಗೆ ಗೊತ್ತಾಗ್ಬೇಕು ನಿಝಾಮ್? ಅವಳಿಗೆ ಗೊತ್ತಿರ್ತದೆ."

ಮರುದಿನ ಸಂಜೆಯ ಅಸರ್ ನಮಾಝಿಗೆ ಮೊದಲೇ ಹೊರಟೆವು. ಕಾರು ನಿಝಾಮರೇ ಓಡಿಸಿದರು. ಅಂಗಡಿಯ ಮುಂದೆ ನಿಲ್ಲಿಸಿ, "ಯಲ್ಲಾ, ಹೋಗಿ ಬಾ, ನಾನು ಇಲ್ಲೇ ಇರ್ತೇನೆ" ಅಂದರು. ಕಾರಿನ ಗಾಜು ಇಳಿಸಿಟ್ಟರು.

ಅಂಗಡಿ ಅರ್ಧ ಖಾಲಿಯಾಗಿತ್ತು. ಮಿಷನ್‌ಗಳಿದ್ದಲ್ಲಿ ಟೈಲ್ಸಿನ ಮೇಲೆ ಅವುಗಳ ಕಾಲಿನ ಗುರುತು ಮಾತ್ರ. ರಟ್ಟಿನ ಪೆಟ್ಟಿಗೆಗೆ ಟೇಪ್ ಸುತ್ತುತ್ತಿದ್ದ ಪೊಡಿಯಬ್ಬಾಕ ನನ್ನನ್ನು ಕಂಡು ಎದ್ದು ಬಾಗಿಲನ್ನು ಪೂರ್ತಿ ತೆರೆದಿಟ್ಟರು. ಕಣ್ಣು ನೆಲದ ಮೇಲೆ.

"ನಾನು ಬಿಟ್ಟುಕೊಟ್ಟೆನಲ್ಲ ಮಗಳೇ."

"ಕೋಟು ಎಲ್ಲಿಗೆ ಹೋಯ್ತು ಅಂತ ಕೇಳುವುದಿಲ್ವಾ?"

ಅವರು ಟೇಪಿನ ಸುರುಳಿಯನ್ನು ಕೆಳಗಿಟ್ಟರು. ಆಮೇಲೆ ನನ್ನೆಡೆಗೆ ಸ್ಟೂಲ್ ತಳ್ಳಿ, ಫ್ಲಾಸ್ಕಿನಿಂದ ಸುಲೈಮಾನಿ ಬಗ್ಗಿಸಿದರು.

"ಎಲ್ಲಿಗೆ ಹೋಯ್ತು?"

ತಾಷ್ಕೆಂಟಿನಿಂದ ರೈಲು ಎಂದು ಶುರುಮಾಡಿದೆ. ಕಿಟಕಿಯಾಚೆ ಬಿಳಿಯೇ ಬಿಳಿ. ಇಳಿದಾಗ ಮೂಗಿನ ಒಳಗೆ ಸೂಜಿ ಚುಚ್ಚಿದ ಹಾಗೆ. ಪೇಟೆಯ ನಡುವಿನ ಕೊಳದಲ್ಲಿ ನೀರು ಹೆಪ್ಪುಗಟ್ಟಿತ್ತು. ಬಝಾರಿಗೆ ಇಟ್ಟಿಗೆಯ ಗುಮ್ಮಟಗಳು, ನಾಲ್ಕು ದಾರಿ ಕೂಡುವಲ್ಲಿ ಒಂದೊಂದು. ಒಳಗೆ ಹೊಕ್ಕರೆ ಗಾಳಿ ಹೊರಗೇ ನಿಲ್ಲುತ್ತದೆ.

"ನಮ್ಮ ಕೆಲಸದವರು ಇದ್ದಾರಾ?"

"ಕಸೂತಿಯವರು ಇದ್ದಾರೆ. ದಾಳಿಂಬೆ ಹೂ, ಚಂದ್ರ. ಕಮ್ಮಾರರು ಕೊಕ್ಕರೆ ಕತ್ತರಿ ಮಾಡ್ತಾರೆ. ಕೊಕ್ಕೇ ಅಲಗು."

"ಬಟ್ಟೆ ಕತ್ತರಿಸ್ಲಿಕ್ಕಾಗ್ತದಾ?"

"ಇಲ್ಲ, ಚಿಕ್ಕದು."

"ಹಾಗಾದ್ರೆ ಶೋಕಿಗೆ."

"ಅನ್ಸಾರ್ ಅದರ ರೇಟಿಗೆ ಅರ್ಧ ಗಂಟೆ ಚರ್ಚೆ ಮಾಡಿದ್ರು. ಕಮ್ಮಾರನದು ಅವನ ಭಾಷೆ, ಇವರದು ಮಲಯಾಳ. ಕೊನೆಗೆ ತೆಗೊಳ್ಳಲೇ ಇಲ್ಲ."

"ಮತ್ತೆ ಚರ್ಚೆ ಯಾಕೆ?"

"ಮೈ ಬಿಸಿಯಾಗ್ಲಿಕ್ಕೆ ಅಂದ್ರು."

ಪೊಡಿಯಬ್ಬಾಕ ನಕ್ಕರು. ನಕ್ಕದ್ದಕ್ಕೆ ಕಳವಳಗೊಂಡವರಂತೆ ಲೋಟ ಎತ್ತಿಕೊಂಡರು. "ನಕ್ಷಬಂದಿಯವರ ದರ್ಗಾ?"

"ಊರ ಹೊರಗೆ. ಅಂಗಳದಲ್ಲಿ ಒಂದು ಹಳೆಯ ಹಿಪ್ಪುನೇರಳೆಯ ಒಣಮರ ಮಲಗಿದೆ. ಅದರಡಿ ಜನ ಬಗ್ಗಿ ದಾಟ್ತಾರೆ. ಅನ್ಸಾರ್ ದಾಟುವಾಗ ಕೋಟಿನ ಗುಂಡಿ ಸಿಕ್ಕಿ ಕಿತ್ತುಹೋಯ್ತು. ಹಿಮದಲ್ಲಿ ಹುಡುಕಿದೆವು, ಸಿಗಲಿಲ್ಲ. ಬಝಾರಿನಲ್ಲಿ ಒಬ್ಬ ಮುದುಕಿ ಬೇರೆ ಹಾಕಿಕೊಟ್ಟಳು. ಬಣ್ಣ ಸರಿ ಇಲ್ಲ."

ಅವರು ದೂರದಿಂದಲೇ ನನ್ನ ಮಡಿಲಲ್ಲಿದ್ದ ಕೋಟಿನ ಗುಂಡಿಯನ್ನು ನೋಡಿದರು. "ಕೈ ಹೊಲಿಗೆ. ನಿಲ್ತದೆ. ಅಲ್ಲಿ ಅವನು ಎಂತ ದುಆ ಕೇಳಿದ?"

"ಎಂತ ದುಆ ಅಂತ ನಾನು ಅವರನ್ನು ಕೇಳ್ಲಿಲ್ಲ. ಮನೆಗೆ ಬಂದು ನಿಧಾನ ಕೇಳಿದ್ರಾಯ್ತು ಅಂತ ಇದ್ದೆ."

ಅಲ್ಲಿ ಮಾತು ನಿಂತಿತು.  ರಸ್ತೆಯಲ್ಲಿ ಒಂದು ಲಾರಿ ಹೋಯಿತು.

"ಸಾಕು ಮಗಳೇ. ಎಲ್ಲ ಹೇಳಿದ ಹಾಗೇ ಆಯ್ತು."

"ಮುಗಿದಿಲ್ಲ." ಸುಲೈಮಾನಿ ಕುಡಿದೆ. ತಣ್ಣಗಾಗಿತ್ತು. "ವಾಪಸು ಬರುವಾಗ ನನಗೆ ಚಳಿ ತಡೆಯಲಿಲ್ಲ. ಅವರು ಕೋಟು ಬಿಚ್ಚಿ ನನಗೆ ಹಾಕಿದ್ರು. ನಿಮ್ಮ ಕೋಟು ನನಗೆ ಹಿಮ್ಮಡಿ ತನಕ ಬರ್ತದೆ. ಆ ಊರಿನ ಒಬ್ಬ ಹುಡುಗಿ ನೋಡಿ ಬಿದ್ದು ಬಿದ್ದು ನಕ್ಕಳು. ಒಲೆಯಿಂದ ಆಗ ತೆಗೆದ ರೊಟ್ಟಿ ಮಾರ್ತಿದ್ಲು. ಒಂದು ತೆಗೊಂಡು ಕೋಟಿನ ಒಳಗೆ ಹಿಡ್ಕೊಂಡು ನಡೆದೆವು. ಮಿನಾರಿನ ಅಡಿಯಲ್ಲಿ ನಿಂತು ತಿಂದೆವು. ಅನ್ಸಾರ್ ಹೇಳಿದ್ರು, ಪೊಡಿಯಬ್ಬಾಕನಿಗೆ ಇದನ್ನು ಮೊದಲು ಹೇಳ್ಬೇಕು, ಕೋಟಿಗೆ ರೊಟ್ಟಿಯ ವಾಸನೆ ಹಿಡಿದಿದೆ ಅಂತ. ಅಷ್ಟೇ. ಮತ್ತೆ ಸ್ಟೇಷನ್ನು."

ಪೊಡಿಯಬ್ಬಾಕ ಲೋಟ ಕೆಳಗಿಟ್ಟರು.

"ಇದನ್ನು ಹೀಗೇ ಆಮಿನಮ್ಮನಿಗೆ ಹೇಳ್ತೇನೆ," ಅಂದರು. "ಅವಳು ಮಂಡಿ ಹಿಡ್ಕೊಂಡು ಕೂತು, ರೊಟ್ಟಿ ಎಷ್ಟು ದಪ್ಪ ಇತ್ತು ಅಂತ ಕೇಳ್ತಾಳೆ."

"ನಡುವೆ ತೆಳು. ಅಂಚು ದಪ್ಪ."

"ಸರಿ."

ಎದ್ದು ಕೋಟನ್ನು ಕೌಂಟರಿನ ಮೇಲೆ ಬಿಡಿಸಿಟ್ಟೆ. ತೋಳುಗಳನ್ನು ನೇರ ಮಾಡಿದೆ.

"ಅನ್ಸಾರ್ ವಾಪಸು ಕೊಡ್ತಿದ್ದಾರೆ," ಅಂದೆ.

ಅವರು ಎರಡೂ ಕೈಯಿಂದ ತೆಗೆದುಕೊಂಡರು.