ಡಾಕ್ಟರಮ್ಮನ ಬಾಯಿ

ಗಲ್ಲದ ಕೆಳಗಿನಿಂದ ನೆತ್ತಿಯ ಮೇಲಕ್ಕೆ ಬ್ಯಾಂಡೇಜು ಸುತ್ತಿ ಗಂಟು ಹಾಕುವಾಗ ಅವಳು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಬಿಗಿದಳು. ಡಾಕ್ಟರಮ್ಮನ ಬಾಯಿ ಟಪ್ಪೆಂದು ಮುಚ್ಚಿಕೊಂಡಿತು.

"ಮೆಲ್ಲಗೆ ಬಾಯಕ್ಕ," ಎಂದಳು ಹೆಣದ ಕಾಲಿಗೆ ಬಿಳಿ ಕಾಲುಚೀಲ ಏರಿಸುತ್ತಿದ್ದ ಹಿರಿಯ ನರ್ಸು. "ಅವರಿಗೆ ನೋವಾಗುತ್ತೇನೋ ಅನ್ನಿಸುತ್ತೆ. ನೋಡು, ನನ್ನ ಹುಚ್ಚು."

"ನೋವಾದ್ರೆ ಹೇಳ್ತಾರೆ ಬಿಡು. ಏನು ಹೇಳಿದ್ರು ಅಂತ ನಿಂಗೆ ತಿಳಿಸೋಕೆ ನಾನಿದ್ದೀನಲ್ಲ."

ನರ್ಸು ನಗಲು ಹೋಗಿ ಅತ್ತಳು.

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಬಾಯಕ್ಕ ಎಂದೇ ಕರೆಯುತ್ತಿದ್ದರು. ಡಾಕ್ಟರಮ್ಮ ದೇವರ ಸೇವೆಯೆಂದು ಸಮುದ್ರ ದಾಟಿ ಬಂದು ಮೂವತ್ತೊಂದು ವರ್ಷ ಕಳೆದಿದ್ದರೂ, ಇಲ್ಲಿನ ಮಾತಿನಲ್ಲಿ ಅವರಿಗೆ ಬರುತ್ತಿದ್ದದ್ದು ಮೂರೇ: 'ನಾಲಿಗೆ ತೋರ್ಸು', 'ಉಸಿರೆಳಿ', 'ಎಲ್ಲಿ ನೋವು'. ಹೆರಿಗೆಯ ಧೈರ್ಯ, ಔಷಧಿಯ ಹೊತ್ತು, ಸಾವಿನ ಸುದ್ದಿ, ಭಾನುವಾರದ ಪ್ರಾರ್ಥನೆ, ಉಳಿದದ್ದೆಲ್ಲ ಇವಳ ಬಾಯಿಂದಲೇ ಹೊರಡಬೇಕು. ಡಾಕ್ಟರಮ್ಮನ ಭಾಷೆ ಇವಳು ಸಂಜೆಶಾಲೆಯಲ್ಲಿ ಕಷ್ಟಪಟ್ಟು ಕಲಿತದ್ದು. ತಪ್ಪಾದೀತೆಂಬ ಅಳುಕು ಅವಳಿಗೆ ಒಂದು ದಿನವೂ ಹೋಗಿರಲಿಲ್ಲ. ಅದಕ್ಕೇ ತನಗೆ ತಾನೇ ಒಂದು ನೇಮ ಹಾಕಿಕೊಂಡಿದ್ದಳು. ಡಾಕ್ಟರಮ್ಮನ ಮಾತಿಗೆ ಒಂದು ಮಾತು ಕೂಡಿಸಬಾರದು, ಒಂದು ಮಾತು ಕಳೆಯಬಾರದು. ಡಾಕ್ಟರಮ್ಮ 'ನಾನು' ಎಂದರೆ ಅವಳೂ 'ನಾನು' ಎಂದೇ ಹೇಳುತ್ತಿದ್ದಳು.

"ಎಂಥ ದೊಡ್ಡ ಮನಸ್ಸು ಅವರದು," ಎಂದಳು ನರ್ಸು ಮೂಗು ಒರೆಸಿಕೊಳ್ಳುತ್ತಾ. "ನಿನ್ನ ವಿಷಯವೇ ತಗೋ. ಬೇರೆಯವರಾಗಿದ್ರೆ ಅವತ್ತೇ ಮನೆಗೆ ಕಳಿಸ್ತಿದ್ರು. ಹೆತ್ತ ತಾಯೇ ನಿನ್ನ ಮುಖ ನೋಡಲಿಲ್ಲ. ಇವರು ಕ್ಷಮಿಸಿ ಪಕ್ಕದಲ್ಲೇ ಇಟ್ಕೊಂಡ್ರು."

"ಹೂಂ."

ಅವಳು ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿದಳು.

*

ಹತ್ತೊಂಬತ್ತು ವರ್ಷದ ಹಿಂದೆ ಅವಳ ತಂಗಿಯ ಕಾಲಿಗೆ ತುಕ್ಕು ಹಿಡಿದ ಮೊಳೆ ಚುಚ್ಚಿ ಕೀವಾಗಿತ್ತು. ಹೊರಗೆ ಜಗಲಿಯ ತುಂಬ ರೋಗಿಗಳು. ಡಾಕ್ಟರಮ್ಮ ಬೆಳಗಿನ ಐದಕ್ಕೆ ಎದ್ದವರು ಮಧ್ಯಾಹ್ನವಾದರೂ ಕೂತಿರಲಿಲ್ಲ. ಸಿರಿಂಜಿಗೆ ಪೆನಿಸಿಲಿನ್ ತುಂಬುತ್ತಿದ್ದರು. ಮಂಚದ ಕಾಲದೆಸೆಯಲ್ಲಿ ಪ್ರಾರ್ಥನೆಗೆಂದು ಬಂದ ಪಾದ್ರಿ ನಿಂತಿದ್ದರು.

"ತಾಳು, ತಾಳು, ಅವರಿಗೆ ಹೇಳು," ಎಂದು ಅಮ್ಮ ಶುರುಮಾಡಿದಳು. ಮಗಳು ಚಿಕ್ಕವಳಿದ್ದಾಗ ಬೇರೆ ಊರಿನ ಆಸ್ಪತ್ರೆಯಲ್ಲಿ ಇದೇ ಸೂಜಿ ಹಾಕಿದ್ದು, ಮುಖ ಊದಿಕೊಂಡದ್ದು, ಉಸಿರು ಕಟ್ಟಿದ್ದು, ಪಕ್ಕದ ಮನೆಯವರು ಓಡಿ ಬಂದದ್ದು, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದಳು.

ಇವಳು ಡಾಕ್ಟರಮ್ಮನ ಭಾಷೆಯಲ್ಲಿ ಹೇಳಿದ್ದು ಎರಡು ಮಾತು: "ಈ ಸೂಜಿ ಇವಳಿಗೆ ಆಗುವುದಿಲ್ಲ. ಹಿಂದೊಮ್ಮೆ ಉಸಿರು ನಿಂತಿತ್ತು."

"ಯಾರು ಹೇಳಿದ್ದು?"

"ನಮ್ಮಮ್ಮ."

"ಇಲ್ಲಿ ಎಲ್ಲರ ಅಮ್ಮಂದಿರೂ ಇದನ್ನೇ ಹೇಳುತ್ತಾರೆ," ಎಂದು ಡಾಕ್ಟರಮ್ಮ ಸೂಜಿ ಚುಚ್ಚಿದರು.

ಕಾಲು ಗಂಟೆ. ಅಷ್ಟರಲ್ಲಿ ಎಲ್ಲ ಮುಗಿಯಿತು.

ನಾಲ್ಕು ದಿನದ ಮೇಲೆ ಆಸ್ಪತ್ರೆಯ ಸಮಿತಿ ಕೂತಿತು. ಅಮ್ಮನನ್ನೂ ಕರೆಸಿದ್ದರು. ಡಾಕ್ಟರಮ್ಮ ಎದ್ದು ನಿಂತು ತಮ್ಮ ಭಾಷೆಯಲ್ಲಿ ಏನೋ ಹೇಳಿ, ಎಂದಿನಂತೆ ಇವಳತ್ತ ತಿರುಗಿದರು. ಸಮಿತಿಯವರೂ ತಿರುಗಿದರು. ಆದರೂ ನೇಮ ನೇಮವೇ.

"ಆ ಸೂಜಿ ಆಗುವುದಿಲ್ಲ ಎಂದು ನನ್ನ ದುಭಾಷಿ ನನಗೆ ಹೇಳಲಿಲ್ಲ," ಎಂದಳು. "ಆದರೂ ನಾನು ಅವಳನ್ನು ಕ್ಷಮಿಸಿದ್ದೇನೆ."

ಆಮೇಲೆ ತನ್ನದೇ ದನಿ ಹುಡುಕಿಕೊಂಡು, "ನಾನು ಹೇಳಿದ್ದೆ," ಎಂದಳು.

"ಹೇಳಲಿಲ್ಲ ಅಂತ ಈಗ ತಾನೆ ಅಂದೆಯಲ್ಲಮ್ಮ," ಎಂದರು ಅಧ್ಯಕ್ಷರು.

"ಅದು ಅವರ ಮಾತು."

"ಬಾಯಿ ನಿಂದೇ ಅಲ್ವಾ?"

ಪಾದ್ರಿಯನ್ನು ಕೇಳಿದರು. ಅವರು ಬೈಬಲ್ ಶಾಲೆಯಲ್ಲಿ ಮೂರು ವರ್ಷ ಡಾಕ್ಟರಮ್ಮನ ದೇಶದವರ ಕೈಯಲ್ಲೇ ಓದಿದವರು. ಡಾಕ್ಟರಮ್ಮನ ಕೋಣೆಯಲ್ಲಿ ಅವರು ಆ ಭಾಷೆಯಲ್ಲೇ ತಮಾಷೆ ಮಾಡಿ ನಗುವುದನ್ನು ಇವಳೊಬ್ಬಳು ಬಾಗಿಲಾಚೆಯಿಂದ ಕೇಳಿದ್ದಳು. ಪಾದ್ರಿ ಕೈಯಲ್ಲಿದ್ದ ಪುಸ್ತಕ ನೋಡುತ್ತಾ, "ಇದ್ದೆ, ನಿಜ. ಆದರೆ ಅವರ ಭಾಷೆ ನನಗೆಲ್ಲಿ ಬರಬೇಕು?" ಎಂದರು.

ಹೊರಗೆ ಅಮ್ಮ ಅವಳ ಮುಂದೆ ನಿಂತಳು. "ನಾನು ಅಷ್ಟುದ್ದ ಹೇಳಿದೆ. ನೀನು ಎರಡೇ ಮಾತಲ್ಲಿ ಮುಗಿಸಿದೆ. ನಾನೇ ನೋಡಿದ್ದೀನಿ."

ಅಮ್ಮ ಅವಳೊಂದಿಗೆ ಆಡಿದ ಕೊನೆಯ ಮಾತು ಅದು. ಒಂದೇ ಮನೆ, ಒಂದೇ ಒಲೆ. ಏನು ಬೇಕಾದರೂ ಅಮ್ಮ ಗೋಡೆಗೆ ಹೇಳುವಳು, ಬಂದವರಿಗೆ ಹೇಳುವಳು.

ಕೆಲಸ ಬಿಟ್ಟರೆ ತಪ್ಪೊಪ್ಪಿಕೊಂಡಂತೆ ಎಂದು ಅವಳು ಬಿಡಲಿಲ್ಲ. 'ಹೌದು, ನೀನು ಹೇಳಿದ್ದೆ' ಎಂಬ ಒಂದು ಮಾತಿಗಾಗಿ ಕಾದಳು. ಕೆಲವೊಮ್ಮೆ ತನ್ನ ಮೇಲೇ ಗುಮಾನಿ ಬರುತ್ತಿತ್ತು: ಗಟ್ಟಿಯಾಗಿ ಹೇಳಿದೆನೋ, ಗೊಣಗಿದೆನೋ? ಆಗೆಲ್ಲ 'ಯಾರು ಹೇಳಿದ್ದು' ಎಂಬ ಪ್ರಶ್ನೆಯನ್ನು ನೆನೆದು ಗಟ್ಟಿಯಾಗುತ್ತಿದ್ದಳು. ಕೇಳಿಸದೆ ಇದ್ದವರು ಹಾಗೆ ಕೇಳುತ್ತಾರೆಯೇ? ಕಳೆದ ವಾರ ಹಾಸಿಗೆ ಹಿಡಿದಿದ್ದ ಡಾಕ್ಟರಮ್ಮ ಕೈಸನ್ನೆ ಮಾಡಿ ಹತ್ತಿರ ಕರೆದಾಗ, ಆ ಮಾತು ಬಂತು ಎಂದುಕೊಂಡು ಬಗ್ಗಿ ಕಿವಿ ಕೊಟ್ಟಳು.

"ಕಿಟಕಿ ಹಾಕು, ಗಾಳಿ," ಎಂದರು ಡಾಕ್ಟರಮ್ಮ.

*

ಪ್ರಾರ್ಥನೆಯ ಕೋಣೆ ಸಾಲದೆ ಶವಪೆಟ್ಟಿಗೆಯನ್ನು ಆಸ್ಪತ್ರೆಯ ಅಂಗಳದಲ್ಲೇ ಇಟ್ಟಿದ್ದರು. ಪಕ್ಕದಲ್ಲೇ, ಬೇಲಿಯ ಬಳಿ, ಗುಂಡಿ ತೋಡಿತ್ತು. ಡಾಕ್ಟರಮ್ಮನ ಕೈಯಲ್ಲಿ ಹುಟ್ಟಿದವರು, ಅವರ ಕೈಯಲ್ಲಿ ಹುಟ್ಟಿದವರನ್ನು ಹೆತ್ತವರು, ಹೊಲಿಗೆ ಹಾಕಿಸಿಕೊಂಡವರು ಎಲ್ಲ ಸೇರಿದ್ದರು. ಅವರ ಅಳು ಸುಳ್ಳಲ್ಲ. ಅದೇ ಅವಳ ಹೊಟ್ಟೆ ಉರಿಸುತ್ತಿತ್ತು.

"ಮೂವತ್ತು ವರ್ಷ ನಂಗೆ ಬೈದ್ರು ಪುಣ್ಯಾತ್ಗಿತ್ತಿ," ಎನ್ನುತ್ತಿದ್ದ ಕಾಂಪೌಂಡರ್ ಪಕ್ಕದವರಿಗೆ. "ಅವರ ಬಾಯಲ್ಲಿ ಕೇಳಿದ್ರೆ ಹಾಡು ಹೇಳಿದ ಹಾಗಿರ್ತಿತ್ತು. ಬಾಯಕ್ಕ ಬಾಯಿ ಬಿಟ್ಟಾಗಲೇ ನಂಗೆ ಮಾನ ಹೋಗ್ತಿದ್ದದ್ದು."

ಅವನ ಪಕ್ಕ, ಮುಂದಿನ ಬೆಂಚಿನಲ್ಲಿ, ಅಮ್ಮ ಕೋಲು ಹಿಡಿದು ಕೂತಿದ್ದಳು. "ಅವಳಿಗೆ ಹೇಳಪ್ಪ, ಬಿಸಿಲು ಕಣ್ಣಿಗೆ ಬೀಳ್ತಿದೆ ಅಂತ."

"ಬಾಯಕ್ಕ, ನಿಮ್ಮಮ್ಮನಿಗೆ ಬಿಸಿಲು..."

"ಕೇಳಿಸ್ತು," ಎಂದು ಅವಳು ಬೆಂಚನ್ನು ನೆರಳಿಗೆ ಎಳೆಸಿದಳು.

ಸಮುದ್ರದಾಚೆಯಿಂದ ಬಂದಿದ್ದ ಡಾಕ್ಟರಮ್ಮನ ಅಣ್ಣ ಅವಳ ಎರಡೂ ಕೈ ಹಿಡಿದುಕೊಂಡರು. ಉದ್ದನೆಯ ಮುದುಕ, ತಂಗಿಯದೇ ಮೂಗು. "ನಿಮ್ಮನ್ನು ಕ್ಷಮಿಸಿದ ಕತೆಯನ್ನು ಅವಳು ನನಗೆ ಬರೆದಿದ್ದಳು," ಎಂದರು ತಮ್ಮ ಭಾಷೆಯಲ್ಲಿ. "ಇವತ್ತು ಅದನ್ನು ಹೇಳಬೇಕೆಂದಿದ್ದೇನೆ. ಅಡ್ಡಿಯಿಲ್ಲವಷ್ಟೆ?"

"ಹೇಳಿ," ಎಂದಳು ಅವಳು. "ಎಲ್ಲರಿಗೂ ತಿಳಿಯುವ ಹಾಗೆ ನಾನು ಹೇಳುತ್ತೇನೆ."

ಅಣ್ಣ ಮಾತಿಗೆ ನಿಂತರು. ತಂಗಿ ಚಿಕ್ಕವಳಿದ್ದಾಗ ಕೋಳಿಯ ಮುರಿದ ಕಾಲಿಗೆ ಕಡ್ಡಿ ಕಟ್ಟುತ್ತಿದ್ದಳಂತೆ. ಬಾಯಕ್ಕ ಅದನ್ನು ಇಲ್ಲಿನ ಮಾತಿನಲ್ಲಿ ಹೇಳಿದಳು, ಜನ ನಕ್ಕರು. ಬ್ಯಾಂಡೇಜಿನ ಕತ್ತರಿಯಲ್ಲೇ ತನ್ನ ಕೂದಲು ಕತ್ತರಿಸಿಕೊಳ್ಳುತ್ತಿದ್ದಳಂತೆ. ಅದನ್ನೂ ಹೇಳಿದಳು, ನರ್ಸು ಹೌದೆಂದು ತಲೆಯಾಡಿಸಿದಳು. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಮ್ಮಿಯಿಲ್ಲ.

ಆಮೇಲೆ ಅಣ್ಣ ಅವಳ ಹೆಗಲ ಮೇಲೆ ಕೈಯಿಟ್ಟರು. "ಈಕೆಯ ತಪ್ಪಿನಿಂದ ಒಂದು ಜೀವ ಹೋದಾಗ ನನ್ನ ತಂಗಿ ಈಕೆಯನ್ನು ಕ್ಷಮಿಸಿದಳು. 'ಅದು ಸುಲಭವಾಗಿರಲಿಲ್ಲ' ಎಂದು ನನಗೆ ಬರೆದಳು."

ಜನ ಅದರ ಅರ್ಥಕ್ಕೆ ಕಾದು ಅವಳತ್ತ ತಿರುಗಿದರು. ಅಮ್ಮ ನೆಲ ನೋಡುತ್ತಿದ್ದಳು.

"ಹತ್ತೊಂಬತ್ತು ವರ್ಷದ ಹಿಂದೆ ಇಲ್ಲಿ ಒಬ್ಬ ಹುಡುಗಿ ಸತ್ತಳು," ಎಂದಳು ಬಾಯಕ್ಕ, ಅಣ್ಣನ ಬಾಯಾಗಿ. "ನನ್ನ ತಂಗಿ ಆಗ ನನಗೆ ಬರೆದಳು: 'ದುಭಾಷಿ ನನಗೆ ಹೇಳಿದ್ದಳು. ಸ್ಪಷ್ಟವಾಗಿ ಹೇಳಿದ್ದಳು. ಇಲ್ಲಿನವರೆಲ್ಲ ಹೀಗೇ ಹೇಳುತ್ತಾರೆ ಎಂದು ನಾನೇ ಸೂಜಿ ಹಾಕಿದೆ. ಸಮಿತಿಯ ಮುಂದೆ ಸುಳ್ಳು ಹೇಳಿದೆ. ಆ ಸುಳ್ಳನ್ನು ಅವಳ ಬಾಯಿಂದಲೇ ಹೇಳಿಸಿದೆ.'"

ಪಾದ್ರಿ ತಲೆಯೆತ್ತಿದರು, ಒಂದು ಹೆಜ್ಜೆ ಹತ್ತಿರ ಬಂದರು.

"ಅವರು ಹಾಗೆ ಹೇಳಲಿಲ್ಲವಲ್ಲಮ್ಮ," ಎಂದರು ಪಿಸುಮಾತಿನಲ್ಲಿ.

"ಹೌದಾ ಪಾದ್ರಿಗಳೇ?" ಅವಳ ದನಿಯೂ ಅಷ್ಟೇ ಸಣ್ಣದು. "ಆ ಭಾಷೆ ನಿಮಗೆ ಯಾವಾಗಿಂದ ಬರುತ್ತೆ? ಜನಕ್ಕೆ ಗಟ್ಟಿಯಾಗಿ ಹೇಳಿ. ಸಮಿತಿಯ ಅಧ್ಯಕ್ಷರೂ ಬಂದಿದ್ದಾರೆ."

ಪಾದ್ರಿ ಅಧ್ಯಕ್ಷರತ್ತ ನೋಡಿದರು. ಹಿಂದೆ ಸರಿದು ತಮ್ಮ ಜಾಗದಲ್ಲಿ ನಿಂತರು.

"ಏನಾಯಿತು ಅವರಿಗೆ?" ಎಂದು ಅಣ್ಣ ಕೇಳಿದರು.

"ದುಃಖ ಉಕ್ಕಿ ಬಂದಿದೆ," ಎಂದಳು ಅವರ ಭಾಷೆಯಲ್ಲಿ. "ನೀವು ಮುಂದುವರಿಸಿ."

ಅಣ್ಣನ ಕಣ್ಣು ತುಂಬಿತು. ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿ, ಇಂಥ ತಂಗಿಯನ್ನು ಪಡೆದದ್ದು ತನ್ನ ಭಾಗ್ಯ ಎಂದರು.

"ನನ್ನ ತಂಗಿಯ ಪರವಾಗಿ," ಎಂದಳು ಅವಳು, "ಸತ್ತ ಹುಡುಗಿಯ ತಾಯಿಯಲ್ಲಿ ನಾನು ಕ್ಷಮೆ ಕೇಳುತ್ತೇನೆ."

ಬಾಗಿದ ಆ ಬಿಳಿ ತಲೆಯನ್ನು ಜನ ನೋಡಿದರು. ಹಿರಿಯ ನರ್ಸು ಬಾಯಿಗೆ ಕೈ ಅಡ್ಡ ಹಿಡಿದಳು. ಹಿಂದೆ ಯಾರೋ, "ಸತ್ತವರ ಮೇಲೆ ಹೀಗೆಲ್ಲ ಹೇಳಬಾರದು," ಎಂದರು. ಇನ್ಯಾರೋ, "ಒಡಹುಟ್ಟಿದವನೇ ಹೇಳ್ತಿದ್ದಾನಲ್ಲ, ಸುಳ್ಳಾ?" ಎಂದರು. ಆ ಮಾತು ಸಾಲಿನಿಂದ ಸಾಲಿಗೆ ಹೋಯಿತು. ಅದು ಹೋದಲ್ಲೆಲ್ಲ ಅಳು ನಿಂತಿತು. ಕಾಂಪೌಂಡರ್ ಅವಳನ್ನು ನೋಡಲಾರದೆ ಚಪ್ಪಲಿ ನೋಡಿಕೊಂಡ.

ಇಷ್ಟು ವರ್ಷ ಕಾಪಾಡಿಕೊಂಡು ಬಂದ ನೇಮ ಹೋಯಿತು ಎಂದುಕೊಂಡಳು ಅವಳು. ದುಃಖವಾಗಲಿ ಎಂದು ಒಂದು ಕ್ಷಣ ಕಾದಳು. ಆಗಲಿಲ್ಲ.

ಪೆಟ್ಟಿಗೆ ಇಳಿಸಿದರು. ಒಬ್ಬೊಬ್ಬರೇ ಬಂದು ಹಿಡಿ ಮಣ್ಣು ಹಾಕತೊಡಗಿದರು. ಸಾಲು ಮೊದಲಿನಷ್ಟು ಉದ್ದವಿರಲಿಲ್ಲ. ಅಮ್ಮ ಕೋಲೂರಿಕೊಂಡು ಗುಂಡಿಯ ಅಂಚಿಗೆ ಬಂದಳು, ಬಗ್ಗಿದಳು, ಒಂದು ಹಿಡಿ ಮಣ್ಣು ತೆಗೆದುಕೊಂಡಳು. ಕೆಳಗಿನ ಪೆಟ್ಟಿಗೆಯನ್ನು ಬಹಳ ಹೊತ್ತು ನೋಡಿದಳು. ಮುಷ್ಟಿ ಬಿಚ್ಚಲಿಲ್ಲ. ತಿರುಗಿ ನೇರ ಮಗಳ ಹತ್ತಿರ ಬಂದಳು. ಅಣ್ಣ ಗೌರವದಿಂದ ದಾರಿ ಬಿಟ್ಟರು.

"ಎರಡು ಮಾತು ಸಾಕಾಗಿತ್ತು ಅನ್ನು," ಎಂದಳು ಅಮ್ಮ. ಮಗಳ ಕಣ್ಣನ್ನೇ ನೋಡುತ್ತಿದ್ದಳು.

"ಸಾಕಾಗಿತ್ತಮ್ಮ."

ಅಮ್ಮ ಮಣ್ಣಿನ ಕೈಯಲ್ಲೇ ಅವಳ ಕೈ ಹಿಡಿದುಕೊಂಡಳು. ಇಬ್ಬರೂ ಗುಂಡಿಗೆ ಬೆನ್ನು ಹಾಕಿ ಗೇಟಿನ ಕಡೆ ನಡೆದರು. ಬಿಗಿದ ಎರಡು ಅಂಗೈಗಳ ನಡುವಿನಿಂದ ಮಣ್ಣು ಒಂದೊಂದೇ ಹೆಜ್ಜೆಗೆ ದಾರಿಯುದ್ದಕ್ಕೂ ಉದುರುತ್ತಾ ಹೋಯಿತು.