ಮೀಸೆಯಮ್ಮನ ನದಿ

ನನಗೊಬ್ಬಳು ಸವತಿ ಇದ್ದಾಳೆ. ಹೆಸರು ಮೀಸೆಯಮ್ಮ. ಮೈತುಂಬ ಕಂದು ಕೂದಲು, ಕತ್ತಿನ ಕೆಳಗೆ ಕೆನೆಬಣ್ಣದ ಮಚ್ಚೆ, ಬಾಯಿ ತೆರೆದರೆ ಮೀನಿನ ವಾಸನೆ. ವಾಸ ಮೃಗಾಲಯದ ಕೊಳದಲ್ಲಿ. ಅವಳು ದೊಡ್ಡ ಜಾತಿಯ ನೀರುನಾಯಿ, ನನ್ನ ಗಂಡ ಅವಳ ಪಾಲಕ. ಅಂಗೈಯಗಲದ ಮರಿಯಾಗಿದ್ದಾಗಿನಿಂದ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದವರು. ನಮ್ಮ ಮದುವೆಯ ತಾರೀಖು ನೆನಪಿರದ ಈ ಮನುಷ್ಯ, ಅವಳು ಬಂದ ತಾರೀಖನ್ನು ಇವತ್ತಿನವರೆಗೆ ಮರೆತಿಲ್ಲ.

ಅವಳನ್ನು ಕರೆಯಲು ಅವರದೊಂದು ಸೀಟಿ ಇದೆ. ಮೊದಲು ಉದ್ದಕ್ಕೆ, ಆಮೇಲೆ ಮೊಟಕಾಗಿ. ಎಷ್ಟೋ ಸಲ ಮನೆಯಲ್ಲಿ ನನ್ನನ್ನು ಕರೆಯುವಾಗಲೂ ಅದೇ ಸೀಟಿ ಬಾಯಿಗೆ ಬಂದುಬಿಡುತ್ತದೆ. "ರೀ, ನಾನು ನಿಮ್ಮ ಹೆಂಡತಿ. ಮೀನು ಹಾಕ್ತೀರಾ ಈಗ?" ಎಂದು ರೇಗಿದರೆ ಹಲ್ಲು ಕಿರಿಯುತ್ತಾರೆ.

ನಾನು ವಿದ್ಯಾರ್ಥಿನಿಲಯದ ಮುಖ್ಯ ಅಡುಗೆಯವಳು. ಆಳೆತ್ತರದ ಪಾತ್ರೆಗಳಲ್ಲಿ ಸೌಟಾಡಿಸಿಯೇ ನನ್ನ ತೋಳು ಹೀಗೆ ದಪ್ಪಗಾಗಿರುವುದು. ಬೇರೆಯವರು ಬೇಯಿಸಿದ್ದನ್ನು, ಬಿಸಿಬಿಸಿಯಾಗಿ, ಕೂತಲ್ಲಿಗೇ ಯಾರಾದರೂ ತಂದಿಟ್ಟು "ತಗೊಳ್ಳಿ, ಊಟ ಮಾಡಿ" ಅನ್ನಬೇಕು. ನನಗಿದ್ದದ್ದು ಅದೊಂದು ಆಸೆ. ಒಂದೇ ಊರಲ್ಲಲ್ಲ, ಊರೂರಲ್ಲಿ. ಗಂಡನ ಎದುರು ಕೂತು, ಅವರ ತಟ್ಟೆಗೂ ಕೈಹಾಕಿ ತಿನ್ನುತ್ತ. ಕಾಲು ಗಟ್ಟಿಯಿರುವಾಗಲೇ ಇದಾಗಬೇಕು ಎಂದು ನಾನು ಹಟ ಹಿಡಿದು ಬಹಳ ದಿನವಾಗಿತ್ತು.

ನಾನು ಪ್ರವಾಸ ಕಟ್ಟುವ ಬಗೆಯೇ ಬೇರೆ. ಊಟದ ಮೇಜಿನ ಮೇಲೆ ಪ್ರಪಂಚದ ಭೂಪಟ ಹಾಸಿ, ಹೋಗಬೇಕಾದ ಕಡೆಯಲ್ಲೆಲ್ಲ ಒಂದೊಂದು ಅಂಗಿಯ ಗುಂಡಿ ಇಟ್ಟು, ನಮ್ಮ ಮನೆಯಿಂದ ಶುರುಮಾಡಿ ಗುಂಡಿಯಿಂದ ಗುಂಡಿಗೆ ದಾರ ಸುತ್ತುತ್ತೇನೆ. ಆ ದೇಶಗಳ ಹೆಸರಿಗೆ ನನ್ನ ನಾಲಿಗೆ ಹೊರಳುವುದಿಲ್ಲ, ಹಾಗಾಗಿ ಹೆಸರೂ ನಾನೇ ಇಟ್ಟಿದ್ದೇನೆ. ನೀಲಿ ಗುಂಡಿ ಆಮೆ ದ್ವೀಪ. ಅಲ್ಲಿ ಕಡಲಾಮೆಗಳು ದಡಕ್ಕೆ ಬಂದು ಮರಳು ತೋಡಿ ಮೊಟ್ಟೆಯಿಡುತ್ತವಂತೆ. ಕೆಂಪು ಗುಂಡಿ ಬಂದರಿನ ಸಂತೆ, ದೋಣಿಯಿಂದ ಇಳಿದ ಮೀನನ್ನು ಅಲ್ಲೇ ಕೆಂಡದ ಮೇಲಿಟ್ಟು ಕೊಡುತ್ತಾರೆ. ಬಿಳಿ ಗುಂಡಿ ಬೆಟ್ಟದ ಮೇಲಿನ ಚೀಸ್ ಊರು. ಅಲ್ಲಿ ಬೆಳಗ್ಗೆ ಹುಲ್ಲುಗಾವಲಲ್ಲಿ ಹಸು ನೋಡಿ ಮಧ್ಯಾಹ್ನ ಅದರ ಹಾಲಿನದೇ ಚೀಸನ್ನು ಕರಗಿಸಿ ಬ್ರೆಡ್ಡಿನ ಮೇಲೆ ಸುರಿದುಕೊಂಡು ತಿನ್ನಬಹುದು. ಕೊನೆಯದು ನನ್ನವರ ಹಳೇ ಸಮವಸ್ತ್ರದ ಕೋಟಿನಿಂದ ಕಿತ್ತ ದಪ್ಪ ಕಂದು ಗುಂಡಿ. ಅದು ನದಿ. ಮೀಸೆಯಮ್ಮನ ಬಂಧುಬಳಗವೆಲ್ಲ ಇರುವ ನದಿ. ಸಿಹಿಯನ್ನು ಕೊನೆಗೆ ಬಡಿಸುವುದು ನನ್ನ ಕಸುಬಿನ ಅಭ್ಯಾಸವಾದ್ದರಿಂದ ಅದನ್ನು ಕೊನೆಗೆ ಇಟ್ಟಿದ್ದೆ. ಹೊಟ್ಟೆಕಿಚ್ಚು ಎಷ್ಟೇ ಇದ್ದರೂ ಗಂಡನ ಮುಖ ಅಲ್ಲಿ ಹೇಗೆ ಅರಳುತ್ತದೆಂದು ನೋಡುವ ಆಸೆ ನನಗೂ ಇತ್ತು.

ಭೂಪಟ ಹಾಸಿದ್ದರಿಂದ ತಿಂಗಳುಗಟ್ಟಲೆ ನಮ್ಮ ಊಟ ಮೇಜಿನ ಒಂದು ಮೂಲೆಯಲ್ಲೇ. ಇದು ಮೊದಲ ಸಲವೂ ಅಲ್ಲ. ಈ ಹಿಂದೆ ಮೂರು ಸಲ ಗುಂಡಿ ಇಟ್ಟು, ದಾರ ಸುತ್ತಿ, ಟಿಕೆಟ್ಟಿನ ಮಾತು ಬರುವ ಹೊತ್ತಿಗೆ ನನ್ನವರು ಕೈಕೊಟ್ಟಿದ್ದರು. ಮೂರು ಸಲವೂ ಒಂದೇ ಕಾರಣ. ಅವರು ರಜೆ ಹಾಕಿದರೆ ಮೀಸೆಯಮ್ಮ ಮೀನು ಮುಟ್ಟುವುದಿಲ್ಲ.

"ಬೇರೆಯವರ ಕೈಯಿಂದ ತಿನ್ನಲ್ಲ ಕಣೇ. ನಾನೇನು ಮಾಡ್ಲಿ? ಅಷ್ಟು ದಿನ ಉಪವಾಸ ಕೆಡವೋಕಾಗುತ್ತಾ?" ಎನ್ನುತ್ತಿದ್ದರು. ಹೇಳುವಾಗ ಮುಖದಲ್ಲಿ ಚಿಂತೆಯ ಜೊತೆಗೆ ಒಂದು ಚೂರು ಹೆಮ್ಮೆಯೂ ಇರುತ್ತಿತ್ತು. ಹಾಗೆ ಹೇಳಿದ ಮೇಲೆ ನಾನು ಬಾಯಿ ಮುಚ್ಚಿಕೊಂಡು ಗುಂಡಿಗಳನ್ನೆಲ್ಲ ಡಬ್ಬಿಗೆ ಹಾಕುತ್ತಿದ್ದೆ. ಹಸಿದವರ ವಿಷಯಕ್ಕೆ ಎದುರಾಡುವುದು ನನ್ನಂಥ ಅಡುಗೆಯವಳಿಂದಾಗದು.

ನಾಲ್ಕನೆಯ ಸಲ ಟಿಕೆಟ್ ಆಫೀಸಿನಾಕೆಗೂ ನಮ್ಮ ಕಥೆ ಬಾಯಿಪಾಠವಾಗಿತ್ತು. "ಅಮ್ಮಾ, ಈ ಸಲನಾದ್ರೂ ನಿಜವಾಗ್ಲೂ ಹೋಗ್ತೀರಾ? ಶನಿವಾರದೊಳಗೆ ಹೇಳ್ಬಿಡಿ, ಆಮೇಲೆ ಸೀಟು ಇರಲ್ಲ" ಎಂದು ಫೋನಿನಲ್ಲೇ ನಕ್ಕಳು. ನನಗೆ ನಗು ಬರಲಿಲ್ಲ. ಈ ಸಲ ತಪ್ಪಿದರೆ ಇನ್ನು ಗುಂಡಿ ಇಡುವುದಿಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡೆ.

ಆ ವಾರವೇ ನನ್ನವರ ದವಡೆಹಲ್ಲು ಕೈಕೊಟ್ಟಿತು. ಹಲ್ಲು ಕೀಳಿಸಿಕೊಂಡು, ಕೆನ್ನೆ ಬನ್ನಿನ ಹಾಗೆ ಊದಿಸಿಕೊಂಡು ಮನೆಯಲ್ಲಿ ಕೂತರು. ಸೀಟಿಯಿರಲಿ, ಮಾತೇ ನೆಟ್ಟಗೆ ಹೊರಡುತ್ತಿರಲಿಲ್ಲ. ನನಗೂ ಅವತ್ತು ವಾರದ ರಜೆ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಅವರು ಓಡಾಡುವುದನ್ನು ನೋಡಿ ನನಗೇ ತಲೆ ಸುತ್ತು ಬಂತು.

"ಏನಾಯ್ತು ಹೇಳಿ."

"ನೀನೊಂದ್ಸಲ ಹೋಗಿ ನೋಡ್ಕೊಂಡು ಬರ್ತೀಯಾ? ಏನಾದ್ರೂ ತಿಂದ್ಳಾ ಅಂತ."

"ಸವತಿಯ ಊಟ ವಿಚಾರಿಸೋ ಗತಿ ಬಂತಲ್ಲಪ್ಪಾ ನನಗೆ" ಎಂದು ಗೊಣಗಿಕೊಂಡೇ ಚಪ್ಪಲಿ ಮೆಟ್ಟಿದೆ.

ಮೃಗಾಲಯದ ಹಿಂಬಾಗಿಲಿನ ಕಾವಲುಗಾರ ನನ್ನ ಗುರುತು ಹಿಡಿದು ಒಳಗೆ ಬಿಟ್ಟ. ನೀರು ನಿಂತು ಪಾಚಿಗಟ್ಟಿದ ಕಾಲುದಾರಿ, ನೀರಿನ ಪೈಪುಗಳು, ಗೋಡೆಗೆ ಒರಗಿಸಿಟ್ಟ ಪೊರಕೆಗಳು. ಮೂಲೆ ತಿರುಗಿದರೆ ಕೊಳ. ಸೊರಗಿ ಮುದುರಿಕೊಂಡ ಪ್ರಾಣಿಯೊಂದನ್ನು ನೋಡುವೆನೆಂದು ಮನಸ್ಸನ್ನು ಗಟ್ಟಿ ಮಾಡಿಕೊಂಡು ಹೋಗಿದ್ದೆ.

ಮೀಸೆಯಮ್ಮ ಮೆಟ್ಟಿಲ ಮೇಲೆ ಹಿಂಗಾಲಲ್ಲಿ ಎದ್ದು ನಿಂತಿದ್ದಳು. ಎದುರಿಗೆ ಮೀನು ಹೆಚ್ಚುವ ಕೋಣೆಯ ಹೆಂಗಸು ಬಕೆಟ್ ಹಿಡಿದು ಕೂತಿದ್ದಳು. ಆಕೆ ಒಂದು ಮೀನು ಚಾಚಿದಳು. ಮೀಸೆಯಮ್ಮ ಅದನ್ನು ಎರಡು ಕೈಯಲ್ಲಿ ಹಿಡಿದು, ತಲೆಯಿಂದ ಶುರುಮಾಡಿ, ಕಟಕಟನೆ ಅಗಿದು, ಬಾಲದವರೆಗೂ ಮುಗಿಸಿ, ಇನ್ನೂ ಬೇಕೆಂದು ಕಿರುಚಿದಳು. ನಮ್ಮ ಹಾಸ್ಟೆಲಿನಲ್ಲಿ ಭಾನುವಾರದ ಊಟಕ್ಕೂ ಇಂಥ ಹಸಿವನ್ನು ನಾನು ಕಂಡಿರಲಿಲ್ಲ.

"ಊಟ ಬಿಟ್ಟವರು ಹೀಗೇನಾ ತಿನ್ನೋದು?" ಎಂದೆ.

ಆಕೆಯ ಕೈಯಿಂದ ಬಕೆಟ್ ಜಾರಿತು. "ಅಯ್ಯೋ ಅಕ್ಕಾ, ನೀವಾ! ಅಣ್ಣಂಗೆ ಹೇಳ್ಬೇಡಿ, ನಿಮ್ಮ ದಮ್ಮಯ್ಯ."

"ಎಷ್ಟು ದಿನದಿಂದ ನಡೀತಿದೆ ಈ ನಾಟಕ?"

"ದಿನ ಅಲ್ಲಕ್ಕಾ, ವರ್ಷಗಳೇ ಆದ್ವು. ಇವಳ ಜೋಡಿ ಸತ್ತ ಹೊಸದ್ರಲ್ಲಿ ನಿಜವಾಗ್ಲೂ ಊಟ ಬಿಟ್ಟಿದ್ಳು. ಅವತ್ತು ಅಣ್ಣ ರಜಾ. ಅವರು ಬಂದು ಸೀಟಿ ಹೊಡೆದ್ಮೇಲೇ ತಿಂದದ್ದು. 'ನೀವಿಲ್ದೇ ಇದ್ರೆ ಮುಟ್ಟಲ್ಲ ಅಣ್ಣಾ' ಅಂದಾಗ ಅವರ ಮುಖ ನೋಡ್ಬೇಕಿತ್ತು ನೀವು. ಮುಂದಿನ ರಜಾದಲ್ಲೂ ಸುಮ್ನೆ ಹಾಗೇ ಅಂದ್ವಿ. ಹೇಳ್ತಾ ಹೇಳ್ತಾ ಅದೇ ಆಗೋಯ್ತು. ಈಗ ಅಲ್ಲ ಅನ್ನೋದು ಹೇಗೆ?"

ಮೈಯೆಲ್ಲ ಉರಿದುಹೋಯಿತು. ಈ ಮೃಗಾಲಯದವರ ಒಂದು ಉಪಚಾರದ ಮಾತು ನನ್ನ ಆಮೆ, ನನ್ನ ಬಂದರು, ನನ್ನ ಚೀಸ್ ಎಲ್ಲವನ್ನೂ ಮೂರು ಮೂರು ಸಲ ನುಂಗಿ ನೀರು ಕುಡಿದಿತ್ತು. ಮನೆಯ ದಾರಿಯುದ್ದಕ್ಕೂ ಏನು ಹೇಳಬೇಕು, ಹೇಗೆ ಹೇಳಬೇಕು ಎಂದು ಮಾತು ಮಸೆಯುತ್ತ ನಡೆದೆ. ನಿಮ್ಮ ಮುದ್ದಿನ ಮೀಸೆಯಮ್ಮ ಯಾರು ಕೊಟ್ಟರೂ ತಿನ್ನುತ್ತಾಳೆ ಅಂದರೆ ಸಾಕಿತ್ತು. ಶನಿವಾರಕ್ಕೆ ಮೊದಲೇ ಟಿಕೆಟ್ ಕೈಯಲ್ಲಿರುತ್ತಿತ್ತು.

ಬಾಗಿಲು ತೆರೆದರೆ ಅವರು ಅಲ್ಲೇ ನಿಂತಿದ್ದರು. ಕೆನ್ನೆಗೆ ಬಟ್ಟೆ ಸುತ್ತಿಕೊಂಡು, ಒಂದು ಕಣ್ಣು ಅರ್ಧ ಮುಚ್ಚಿ.

"ತಿಂದ್ಳಾ?"

ಕೋಪ ನನಗೆ ಮೂಗಿನ ತುದಿಯಲ್ಲೇ ಇರುವುದು ನಿಜ, ಆದರೆ ಆ ಮುಖ ನೋಡಿ ಅದೆಲ್ಲಿಗೆ ಹೋಯಿತೋ. ಆ ಮನುಷ್ಯನಿಗೆ ಜೀವನದಲ್ಲಿ ಇದ್ದ ಹೆಮ್ಮೆ ಅದೊಂದೇ. ಅದನ್ನು ನಾನು ಕಿತ್ತುಕೊಳ್ಳಲಾರದೆ ಹೋದೆ. ಹೋದರೆ ಹೋಗಲಿ ಪ್ರವಾಸ ಎಂದುಕೊಂಡೆ.

"ಇಲ್ಲಾರೀ. ಮೂಸಿ ಕೂಡ ನೋಡ್ಲಿಲ್ಲ."

ಅವರು ನನ್ನನ್ನೇ ನೋಡಿದರು. ಆಮೇಲೆ ನಗಲು ಹೋಗಿ, ನೋವಿಗೆ ಕೆನ್ನೆ ಹಿಡಿದುಕೊಂಡು ಕುರ್ಚಿಯಲ್ಲಿ ಕುಸಿದರು.

"ನಿನಗೆ ಸುಳ್ಳು ಹೇಳೋಕೆ ಬರಲ್ಲ ಕಣೇ. ಕಿವಿ ಕೆಂಪಾಗುತ್ತೆ."

"ಅಂದ್ರೆ?"

"ವಾರ ವಾರ ಅವಳನ್ನ ತಕ್ಕಡಿ ಹತ್ತಿಸೋನು ನಾನೇ ಅಲ್ವಾ? ನಾನು ರಜಾ ಹಾಕಿದ ವಾರ ತೂಕ ಇಳಿದಿರಲ್ಲ. ಒಂದೊಂದ್ಸಲ ಏರಿರುತ್ತೆ. ಆಯಮ್ಮ ನನಗಿಂತ ಕೈಬಿಚ್ಚಿ ಹಾಕ್ತಾಳೆ. ಪಾಪ, ಅವರು ಪ್ರೀತಿಯಿಂದ ಹೇಳ್ತಾರೆ, ನಾನೂ ನಂಬಿದ ಹಾಗೆ ಇರ್ತೀನಿ."

ನಾನು ಕೂಗಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು. "ಗೊತ್ತಿತ್ತಾ? ಗೊತ್ತಿದ್ದೂ ಮೂರು ಸಲ ನನ್ನ ಕಣ್ಣಿಗೆ ಮಣ್ಣೆರಚಿದ್ರಾ? ಬರೋಕಿಷ್ಟ ಇಲ್ಲ ಅಂತ ಒಂದು ಮಾತು ಹೇಳಿದ್ರೆ ಗಂಟೇನು ಹೋಗ್ತಿತ್ತು?" ಎನ್ನುತ್ತ ಗುಂಡಿಗಳನ್ನು ಬಾಚಲು ಮೇಜಿಗೆ ಕೈಹಾಕಿದೆ.

ಅವರು ನನ್ನ ಕೈ ಹಿಡಿದುಕೊಂಡರು. "ಆಮೆ ನೋಡೋಕೆ ಬರ್ತೀನಿ. ಬಂದರಿಗೆ ಬರ್ತೀನಿ, ಚೀಸ್ ಊರಿಗೂ ಬರ್ತೀನಿ. ಇದೊಂದು ಬೇಡ" ಎಂದು ಕಂದು ಗುಂಡಿಯ ಮೇಲೆ ಬೆರಳಿಟ್ಟರು.

"ಅದನ್ನ ಇಟ್ಟಿರೋದೇ ನಿಮಗೋಸ್ಕರ!"

"ಗೊತ್ತು. ಅದಕ್ಕೇ ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ. ಪ್ರತಿ ಸಲವೂ ಅಷ್ಟು ಖುಷಿಯಿಂದ ಇಡ್ತಿದ್ದೆ ನೀನು."

ನಾನು ಎದುರಿನ ಕುರ್ಚಿಯಲ್ಲಿ ಕೂತೆ. ಅವರು ಗುಂಡಿಯನ್ನು ಬೆರಳಲ್ಲಿ ಸುತ್ತಿಸುತ್ತ, ನೋಯುವ ಬಾಯಲ್ಲಿ ನಿಧಾನವಾಗಿ ಹೇಳಿದರು.

"ಅಲ್ಲಿ ಅವು ಒಂಟಿಯಾಗಿರಲ್ಲ ಕಣೇ. ಅಪ್ಪ, ಅಮ್ಮ, ಈ ವರ್ಷದ ಮರಿ, ಹೋದ ವರ್ಷದ ಮರಿ, ಎಲ್ಲಾ ಒಟ್ಟಿಗೇ ಈಜೋದು, ಒಟ್ಟಿಗೇ ಮಲಗೋದು. ಒಂದು ಕೂಗಿದ್ರೆ ಇನ್ನೊಂದು ಓಗೊಡುತ್ತೆ. ಇವಳ ಕೊಳ ಎಷ್ಟಿದೆ, ನೀನೇ ನೋಡಿದ್ದೀಯ. ಇಲ್ಲೀವರೆಗೆ ಬರೀ ಓದಿದ್ದೀನಿ, ಹೇಗೋ ನಡೀತಿದೆ. ಕಣ್ಣಾರೆ ನೋಡಿಬಂದ್ಮೇಲೆ, ಮಾರನೇ ದಿನ ಬಕೆಟ್ ಹಿಡ್ಕೊಂಡು ಅವಳ ಮುಂದೆ ಹೇಗೆ ನಿಂತ್ಕೊಳ್ಳಲಿ?"

ಇಷ್ಟು ವರ್ಷ ಸವತಿ ಸವತಿ ಎಂದು ಹಂಗಿಸುತ್ತಿದ್ದವಳಿಗೆ ಆ ಕ್ಷಣ ಅವಳ ಮೇಲೆ ಕರುಳು ಚುರುಕ್ಕೆಂದಿತು. ಗಂಡನ ಮೇಲೂ. ಸಮಾಧಾನದ ಮಾತು ನನಗೆ ಬರುವುದಿಲ್ಲ. ಎದ್ದು ಹೋಗಿ ಬೇಯಿಸಿದ ಆಲೂಗಡ್ಡೆಗೆ ಬೆಣ್ಣೆ ಹಾಕಿ ಹಿಸುಕಿದೆ. ತಟ್ಟೆ ತಂದು ಮೇಜಿನ ಮೂಲೆಯಲ್ಲಿಟ್ಟೆ.

"ನನ್ನ ಹಾಸ್ಟೆಲಿನ ಮಕ್ಕಳು ರಜಾಗೆ ಮನೆಗೆ ಹೋಗ್ತಾರೆ" ಎಂದೆ. "ಅಮ್ಮನ ಕೈಯಡುಗೆ ತಿಂದು ವಾಪಸ್ ಬರ್ತಾರೆ. ಬಂದ ಮೊದಲನೇ ದಿನ ನನ್ನ ಸೂಪು ಯಾರಿಗೂ ಸೇರಲ್ಲ. ತಟ್ಟೆ ಮುಂದೆ ಕಣ್ಣೊರೆಸ್ಕೊಳ್ಳೋರೂ ಇದ್ದಾರೆ. ಅದು ಮನೆ ಊಟ ಅಲ್ಲ ಅಂತ ಅವರಿಗೂ ಗೊತ್ತು, ನನಗೂ ಗೊತ್ತು. ಹಾಗಂತ ನಾನೇನು ಒಳಗೆ ಅವಿತ್ಕೊಂಡ್ನಾ? ಅವರ ಅಮ್ಮ ಏನು ಹಾಕ್ತಾರೆ ಅಂತ ಕೇಳ್ತೀನಿ. ಆದಷ್ಟು ಹಾಗೇ ಮಾಡೋಕೆ ನೋಡ್ತೀನಿ. ಆಗಲ್ಲ, ಆದ್ರೂ ನೋಡ್ತೀನಿ."

ಅವರು ಒಂದು ಪಕ್ಕದ ಹಲ್ಲಲ್ಲೇ ಆಲೂಗಡ್ಡೆಯನ್ನು ಸರಿಸಿಕೊಂಡು ತಿಂದರು. ನಾನು ನದಿಯ ಗುಂಡಿಯನ್ನು ತೆಗೆದು ಡಬ್ಬಿಗೆ ಹಾಕಿದೆ, ದಾರವನ್ನು ಚೀಸ್ ಊರಿಂದ ನೇರ ಮನೆಗೆ ಎಳೆದೆ. ಅಷ್ಟೇ ಸಾಕು ಎಂದು ನಿಜವಾಗಿಯೂ ಅನಿಸಿತ್ತು. ಒಲೆಯ ಕಟ್ಟೆ ಒರೆಸಲು ಒಳಗೆ ಹೋದೆ.

ಹಿಂದಿನಿಂದ ಸೀಟಿಗೆ ಬದಲು ಬರೀ ಗಾಳಿ ಹೊರಟ ಸದ್ದಾಯಿತು. ಮತ್ತೊಮ್ಮೆ ಹಾಗೇ. ಯಾರನ್ನು ಕರೆಯುತ್ತಿದ್ದಾರೆಂದು ನನಗೆ ಗೊತ್ತಿತ್ತು. ಕೈ ಒರೆಸಿಕೊಂಡು ಹೊರಗೆ ಬಂದೆ.

ಕೋಟಿನ ಗುಂಡಿ ಡಬ್ಬಿಯಿಂದ ಎದ್ದು ಬಂದು ತನ್ನ ಜಾಗದಲ್ಲೇ ಕೂತಿತ್ತು. ಅವರು ದಾರವನ್ನೆಲ್ಲ ಬಿಚ್ಚಿ, ಹೊಸದಾಗಿ ನಮ್ಮ ಮನೆಯಿಂದ ನೇರ ನದಿಗೆ ಎಳೆದು, ಅಲ್ಲಿಂದ ಉಳಿದ ಗುಂಡಿಗಳಿಗೆ ಸುತ್ತಿದ್ದರು. ಸುತ್ತು ವಕ್ರವಕ್ರವಾಗಿತ್ತು.

"ಕೊನೆಗೆ ಬೇಡ. ಮೊದಲು ಅಲ್ಲಿಗೇ ಹೋಗೋಣ" ಎಂದರು. "ನಾನು ಅವಳನ್ನ ಕರೆಯೋ ಸೀಟಿ ಇದೆಯಲ್ಲ, ಅದು ನಾನೇ ಕಟ್ಟಿದ್ದು. ಪಾಪದವಳು, ಮರಿಯಾಗಿದ್ದಾಗಿಂದ ಅದನ್ನೇ ತನ್ನ ಹೆಸರು ಅಂದ್ಕೊಂಡಿದ್ದಾಳೆ. ಅವಳ ಕಡೆಯವರು ಒಬ್ಬರನ್ನೊಬ್ಬರು ಹೇಗೆ ಕರೀತಾರೋ ಕೂತು ಕೇಳ್ತೀನಿ. ದಾರೀಲೆಲ್ಲ ಅಭ್ಯಾಸ ಮಾಡ್ತೀನಿ, ನೀನು ನಗಬಾರದು. ಬಂದ್ಮೇಲೆ ಒಂದ್ಸಲನಾದ್ರೂ ಅವಳನ್ನ ಹಾಗೆ ಕರೀಬೇಕು."

ನನಗೆ ಕಣ್ಣು ತುಂಬಿ ಬಂತು, ತೋರಿಸಿಕೊಳ್ಳಲಿಲ್ಲ. ಟಿಕೆಟ್ ಆಫೀಸಿಗೆ ಫೋನ್ ಮಾಡಿ ನದಿಯನ್ನು ಮೊದಲಿಗೆ ಹಾಕಲು ಹೇಳಿದೆ. ಎಲ್ಲ ತಿರುವುಮುರುವಾಗುತ್ತದೆ ಎಂದು ಆಕೆ ಒಂದಿಷ್ಟು ರಾಗ ಎಳೆದಳು, ಆಮೇಲೆ ಒಪ್ಪಿದಳು. ಫೋನಿಟ್ಟು ತಿರುಗಿದರೆ ನನ್ನವರು ಒಲೆಯ ಹತ್ತಿರದಿಂದ ಇನ್ನೊಂದು ತಟ್ಟೆ ತರುತ್ತಿದ್ದರು. ಪಾತ್ರೆಯಲ್ಲಿ ಉಳಿದಿದ್ದ ಆಲೂಗಡ್ಡೆಯನ್ನು ಬಿಸಿ ಮಾಡಿ, ಒಂದು ಕಡೆ ಸ್ವಲ್ಪ ಸೀಯಿಸಿ, ನನಗೆ ಬಡಿಸಿಕೊಂಡು ಬಂದಿದ್ದರು.

"ತಗೋ, ಊಟ ಮಾಡು" ಎಂದರು.